ಚಾಮುಲಾ: ಮತ ಬದಲಿಸಿ ಊರು ಬಿಟ್ಟವರು
ಮೆಕ್ಸಿಕೋದ ಚಿಯಾಪಾಸ್ ಬೆಟ್ಟಸೀಮೆಯ ಸಾನ್ ಹುವಾನ್ ಚಾಮುಲಾ, ತ್ಸೋತ್ಸಿಲ್ ಮಾಯಾ ಜನರ ಊರು. ಇಲ್ಲಿನ ಚರ್ಚಿನಲ್ಲಿ ಬೆಂಚುಗಳಿಲ್ಲ. ಪೈನ್ ಎಲೆ ಹಾಸಿದ ನೆಲದ ಮೇಲೆ ಮೇಣದಬತ್ತಿ ಹಚ್ಚಿ, ಸಂತರ ಮೂರ್ತಿಗಳೆದುರು ತಮ್ಮ ನುಡಿಯಲ್ಲೇ ಮೊರೆಯಿಡುತ್ತಾರೆ. ರೋಗಿಗೆ ಮೊಟ್ಟೆ ನಿವಾಳಿಸುತ್ತಾರೆ. ಪೋಷ್ ಎಂಬ ನಾಟಿ ಸಾರಾಯಿಯ ಜೊತೆಗೆ ಈಗ ಕೋಲಾ ಬಾಟಲಿಯೂ ನೈವೇದ್ಯಕ್ಕೆ ಬಂದಿದೆ!

ಸಂತರ ಹಬ್ಬದ ಹೊಣೆ ಹೊತ್ತವರಿಗೇ ಊರಿನಲ್ಲಿ ಮರ್ಯಾದೆ. 1970ರ ದಶಕದಿಂದ, ಈ ಸಂತರ ಆಚರಣೆ ಬಿಟ್ಟು ಪ್ರಾಟೆಸ್ಟೆಂಟ್ ಮತಕ್ಕೆ ಸೇರಿದ ಸಾವಿರಾರು ಮಂದಿಯನ್ನು ಮುಖಂಡರು ಊರಿನಿಂದ ಹೊರಹಾಕಿಸಿದರು. ಜಗಳ ಬರೀ ದೇವರದ್ದಲ್ಲ; ಹಬ್ಬದ ವಂತಿಗೆ, ಸಾರಾಯಿ ವ್ಯಾಪಾರ, ಮುಖಂಡರ ಹಿಡಿತ ಎಲ್ಲವೂ ಅದರಲ್ಲಿತ್ತು. ಹೊರಬಿದ್ದವರು ಸಾನ್ ಕ್ರಿಸ್ಟೋಬಲ್ ನಗರದ ಅಂಚಿನಲ್ಲಿ ಬಡಾವಣೆಗಳನ್ನು ಕಟ್ಟಿಕೊಂಡರು. 1990ರ ದಶಕದಲ್ಲಿ ಅವರಲ್ಲೇ ಕೆಲವರು, ಸ್ಪೇನಿನಿಂದ ಬಂದ ಪ್ರಚಾರಕರ ಮೂಲಕ ಇಸ್ಲಾಂ ಸ್ವೀಕರಿಸಿದರು. ಈ ಬಡಾವಣೆಗಳಲ್ಲಿ ತ್ಸೋತ್ಸಿಲ್ ಇಂದಿಗೂ ಮನೆಮಾತು.