ಜನಸಂದಣಿ ನಿಯಂತ್ರಣ: ಲಾಠಿಗಿಂತ ಮಾಹಿತಿಯೇ ಮುಖ್ಯ, ಗುಜರಾತ್‌ನ 3 ನಗರಗಳು ಕಲಿಸಿದ ಪಾಠವೇನು?

2025ರ ಜೂನ್ 3ರಂದು ಅಹಮದಾಬಾದ್‌ನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಚೊಚ್ಚಲ ಐಪಿಎಲ್ ಟ್ರೋಫಿ ಗೆದ್ದಿತು. ಮರುದಿನ ಬೆಂಗಳೂರಿನಲ್ಲಿ ಅದೇ ಗೆಲುವಿನ ಸಂಭ್ರಮಾಚರಣೆ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತ ಸಂಭವಿಸಿ 11 ಮಂದಿ ಮೃತಪಟ್ಟರು. ಅಹಮದಾಬಾದ್‌ನಲ್ಲಿ ಟಿಕೆಟ್, ಆಸನ, ಗೇಟ್ ಎಲ್ಲವೂ ಮೊದಲೇ ನಿಗದಿಯಾಗಿದ್ದವು. ಬೆಂಗಳೂರಿನಲ್ಲಿ ಯಾರಿಗೆ ಪ್ರವೇಶ, ಹೇಗೆ ಪ್ರವೇಶ ಎಂಬ ಗೊಂದಲವೇ ಹೆಚ್ಚಿತ್ತು. ಜನ ಮತ್ತು ಭದ್ರತಾ ಸಿಬ್ಬಂದಿ ನಡುವಿನ ಸಂಬಂಧ ಹದಗೆಡುವುದು ಇಂತಹ ಗೊಂದಲದಲ್ಲೇ.

ಅಹಮದಾಬಾದ್: ಮೊದಲೇ ಸಿದ್ಧತೆ

2025ರ ಜನವರಿ 25 ಮತ್ತು 26ರಂದು ಇದೇ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಸಂಗೀತ ಕಾರ್ಯಕ್ರಮ ನಡೆಯಿತು. ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಸಾವಿರಾರು ಪೊಲೀಸರ ನಿಯೋಜನೆ ಜತೆಗೆ ಮೆಟ್ರೊ ಸೇವೆಯ ಅವಧಿಯನ್ನೂ ವಿಸ್ತರಿಸಲಾಗಿತ್ತು. ಮನೆಗೆ ಮರಳುವ ದಾರಿ ಖಚಿತವಿದ್ದರೆ ಜನ ನುಗ್ಗುವುದು ಕಡಿಮೆ. ನವರಾತ್ರಿಯ ಗರ್ಬಾ ಮೈದಾನಗಳಲ್ಲಿ ‘ಶೀ ಟೀಮ್’ ಮಹಿಳಾ ಪೊಲೀಸರು ಚನಿಯಾ ಚೋಲಿ ತೊಟ್ಟು ಜನರ ನಡುವೆಯೇ ಇದ್ದು ನಿಗಾ ಇಡುತ್ತಾರೆ.

ವಡೋದರಾ: 10 ನಿಮಿಷದ ನಿಲುಗಡೆ

2017ರ ಜನವರಿ 23ರ ರಾತ್ರಿ ‘ರಯೀಸ್’ ಚಿತ್ರದ ಪ್ರಚಾರಕ್ಕೆ ನಟ ಶಾರುಖ್ ಖಾನ್ ರೈಲಿನಲ್ಲಿ ಬಂದಾಗ ವಡೋದರಾ ನಿಲ್ದಾಣದಲ್ಲಿ ನೂಕುನುಗ್ಗಲು ಉಂಟಾಯಿತು. ಪೊಲೀಸರು ಲಾಠಿ ಬೀಸಿದರು. ಒಬ್ಬರು ಮೃತಪಟ್ಟರು, ಪೊಲೀಸ್ ಸಿಬ್ಬಂದಿಗೂ ಗಾಯಗಳಾದವು. ನಟನ ವಿರುದ್ಧದ ಪ್ರಕರಣವನ್ನು 2022ರಲ್ಲಿ ಗುಜರಾತ್ ಹೈಕೋರ್ಟ್ ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಿರಿದಾದ ಪ್ಲಾಟ್‌ಫಾರ್ಮ್‌ನಲ್ಲಿ ಲಾಠಿ ಬೀಸಿದರೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ.

ಸೂರತ್: ಹಬ್ಬದ ರೈಲು

ಜವಳಿ ಮತ್ತು ವಜ್ರೋದ್ಯಮದ ನಗರಿ ಸೂರತ್‌ನಿಂದ ದೀಪಾವಳಿ, ಛಠ್ ಹಬ್ಬಕ್ಕೆ ಲಕ್ಷಾಂತರ ಕಾರ್ಮಿಕರು ಬಿಹಾರ, ಉತ್ತರ ಪ್ರದೇಶಕ್ಕೆ ಹೊರಡುತ್ತಾರೆ. 2023ರ ನವೆಂಬರ್ 11ರಂದು ಬಿಹಾರದ ರೈಲು ಹತ್ತುವ ನೂಕುನುಗ್ಗಲಿನಲ್ಲಿ ಒಬ್ಬರು ಮೃತಪಟ್ಟರು. ಅಸ್ವಸ್ಥರಿಗೆ ಪೊಲೀಸರೇ ಸಿಪಿಆರ್ ನೀಡಿದ್ದರು. 2024ರ ಹಬ್ಬದ ಸಮಯದಲ್ಲಿ ಸೂರತ್ ಮತ್ತು ಉಧನಾ ನಿಲ್ದಾಣಗಳ ಹೊರಗೆ ಕಾಯುವ ಸ್ಥಳ ನಿರ್ಮಿಸಿ, ರೈಲು ಬಂದಾಗಷ್ಟೇ ಪ್ರಯಾಣಿಕರನ್ನು ಒಳಬಿಡಲಾಯಿತು. 2025ರಲ್ಲಿ ಈ ಕ್ರಮವನ್ನು ದೇಶದ 73 ನಿಲ್ದಾಣಗಳಿಗೆ ವಿಸ್ತರಿಸಲು ರೈಲ್ವೆ ನಿರ್ಧರಿಸಿತು.

ಸಾವು ಸಂಭವಿಸುವುದು ಹೇಗೆ?

‘ಕಾಲ್ತುಳಿತ’ ಎಂದು ಕರೆದರೂ ಬಹುತೇಕ ಸಾವುಗಳಿಗೆ ಕಾರಣ ತುಳಿತವಲ್ಲ, ಉಸಿರುಗಟ್ಟುವಿಕೆ. ಒಂದು ಚದರ ಮೀಟರ್‌ನಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ಚಲನೆ ಯಾರ ಹಿಡಿತದಲ್ಲೂ ಇರುವುದಿಲ್ಲ. ಹಿಂದಿರುವವರಿಗೆ ಮುಂದಿನವರ ಸಂಕಟ ಕಾಣದು. ಹಾಗಾಗಿ ಧ್ವನಿವರ್ಧಕದ ಸ್ಪಷ್ಟ ಸೂಚನೆ ಮೊದಲು ತಲುಪಬೇಕಾದದ್ದು ಹಿಂದಿನ ಸಾಲಿಗೆ.

ಹೊಣೆ ಯಾರದ್ದು?

ಬೆಂಗಳೂರು ದುರಂತದ ಬಳಿಕ ಪೊಲೀಸ್ ಅಧಿಕಾರಿಯ ಅಮಾನತು ರದ್ದುಪಡಿಸಿದ ಕೇಂದ್ರ ಆಡಳಿತ ನ್ಯಾಯಮಂಡಳಿಯು, ಪೊಲೀಸರೂ ಮನುಷ್ಯರೇ, ಅವರು ದೇವರಲ್ಲ, ಜಾದೂಗಾರರೂ ಅಲ್ಲ ಎಂಬರ್ಥದ ಮಾತು ಹೇಳಿತ್ತು. ಸಂಘಟಕರ ಹೊಣೆ ನಿಗದಿಪಡಿಸಲು ಕರ್ನಾಟಕ ಸರ್ಕಾರ 2025ರಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ಮಂಡಿಸಿತು. ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಕಾಯ್ದೆಯಡಿ ಪರವಾನಗಿ ಕಡ್ಡಾಯ; ಆದರೆ ಬೌನ್ಸರ್‌ಗಳಿಗೆ ಪೊಲೀಸರ ಅಧಿಕಾರ ಇರುವುದಿಲ್ಲ.

ನೀವು ಏನು ಮಾಡಬೇಕು?

* ಒಳಹೋದ ಕೂಡಲೇ ಹೊರಹೋಗುವ ದಾರಿಗಳನ್ನು ಗುರುತಿಸಿಕೊಳ್ಳಿ.
* ಎಲ್ಲ ಕಡೆಯಿಂದ ಮೈಗೆ ಮೈ ತಾಗತೊಡಗಿದರೆ ಆಗಲೇ ಅಂಚಿನತ್ತ ಸರಿಯಿರಿ.
* ಸಿಲುಕಿಕೊಂಡರೆ ಕೈಗಳನ್ನು ಎದೆಯ ಮುಂದೆ ಹಿಡಿದು ಉಸಿರಾಟಕ್ಕೆ ಜಾಗ ಮಾಡಿಕೊಳ್ಳಿ. ಎದುರು ದಿಕ್ಕಿಗೆ ತಳ್ಳಬೇಡಿ.
* ಕೆಳಗೆ ಬಿದ್ದ ವಸ್ತು ಎತ್ತಿಕೊಳ್ಳಲು ಬಾಗಬೇಡಿ.
* ಸಿಬ್ಬಂದಿ ಗೇಟ್ ಮುಚ್ಚಿದರೆ ಹಿಂದೆ ಇರುವವರಿಗೂ ತಿಳಿಸಿ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ.