ಬಂಡಿಯ ಮೇಲಿನ ಹೆಸರು

ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಗಿಲಾದ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ ಕ್ರಿ.ಶ. 1294ರ ಶಾಸನ. ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿ, ವಿಠ್ಠಲ ಎಂಬ ಹೆಸರುಗಳು ಅಲ್ಲಿ ಉಳಿದುಬಂದಿವೆ. ಶಾಸನದ ಮಗ್ಗುಲಲ್ಲಿಯೇ ಒಂದು ಚಿತ್ರವನ್ನು ಕೊರೆದಿದ್ದಾರೆ: ಅಷ್ಟು ಭಾರದ ಕಲ್ಲನ್ನು ಹೊತ್ತ ಬಂಡಿ, ಅದನ್ನು ಎಳೆಯುವ ಜಾನುವಾರುಗಳ ಉದ್ದನೆಯ ಸಾಲು, ಹುರಿದುಂಬಿಸುವ ಜನ, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಕಟ್ಟಿಸಿದವರಿಗೆ ಅಕ್ಷರ ದೊರೆಯಿತು. ಬಂಡಿ ಹೊಡೆದವರಿಗೆ ದೊರೆತದ್ದು ಚಿತ್ರ ಮಾತ್ರ. ಅವರಲ್ಲಿ ಒಬ್ಬನ ಹೆಸರೂ ನಮಗೆ ತಿಳಿಯದು.

ವಾಹನಕ್ಕೂ ಹೆಸರಿಗೂ ಇರುವ ನಂಟನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಾಗ ನನಗೆ ಮೊದಲು ನೆನಪಾದದ್ದು ಈ ಕಲ್ಲು. ಓಡಿಸುವವನ ಹೆಸರು ಓಡುವ ಬಂಡಿಯ ಮೇಲೆ ಬರುವುದು ಎಂದಿನಿಂದ? ಬಂದ ಮೇಲೆ ಆ ಹೆಸರು ಯಾರದು?

ನಮ್ಮ ಸೀಮೆಯಲ್ಲಿ ಹೆಸರಿಲ್ಲದ ಬಂಡಿ ಅಪರೂಪ. ಮಾನ್ವಿಯಿಂದ ಭತ್ತ ಹೇರಿಕೊಂಡು ಬರುವ ಟ್ರ್ಯಾಕ್ಟರನ್ನು ನೋಡಿ, ದೇವದುರ್ಗದಿಂದ ಹತ್ತಿ ತುಂಬಿಕೊಂಡು ಬರುವ ಲಾರಿಯನ್ನು ನೋಡಿ. ಹಣೆಯ ಮೇಲೆ ಊರದೇವರ ಹೆಸರು, ಬೆನ್ನ ಮೇಲೆ ಮಕ್ಕಳ ಹೆಸರು, ಇಲ್ಲವೆ ತೀರಿಕೊಂಡ ತಂದೆತಾಯಿಗಳ ಸ್ಮರಣೆ. ಇದರಲ್ಲಿ ಅರಸನೂ ಒಕ್ಕಲಿಗನೂ ಒಂದೇ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತಷ್ಟೆ. ಆ ರಾಜ್ಯದಲ್ಲಿ 1932ರಲ್ಲಿ ರೈಲ್ವೆಯ ಆಡಳಿತವೇ 27 ಬಸ್ಸುಗಳೊಡನೆ ಸಾರಿಗೆಯನ್ನು ಆರಂಭಿಸಿತು. ಅಲ್ಲಿನ ಸರಕಾರಿ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ‘ಝಡ್’ ಎಂಬ ಅಕ್ಷರ ಬಂದದ್ದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ತಾಯಿ ಝಹರಾ ಬೇಗಂ ಅವರ ನೆನಪಿಗಾಗಿ ಎಂದು ಜನ ಹೇಳುತ್ತ ಬಂದಿದ್ದಾರೆ. ಮಗನೊಬ್ಬ ತಾಯಿಯ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿ ಊರೂರು ಸುತ್ತಿಸಿದನೆಂಬ ಈ ಮಾತಿನಲ್ಲಿ ಒಂದು ಚೆಲುವಿದೆ.

ಇದು ಪ್ರೀತಿಯ ಹೆಸರು. ವ್ಯಾಪಾರದ ಹೆಸರಿನ ಕಥೆ ಬೇರೆ. ಲೂಯಿ ಷೆವ್ರೊಲೆ ಎಂಬಾತ 1878ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ. ಯಂತ್ರದ ಕೆಲಸ ಕಲಿತು ಅಮೆರಿಕೆಗೆ ಹೋಗಿ ಕಾರಿನ ಪಂದ್ಯಗಳಲ್ಲಿ ಹೆಸರಾದ. ಆ ಹೆಸರಿನ ಬೆಲೆಯನ್ನು ಅರಿತ ವಿಲಿಯಂ ಡ್ಯೂರಂಟ್ ಎಂಬ ಉದ್ಯಮಿ 1911ರಲ್ಲಿ ಅವನೊಡನೆ ಕೂಡಿ ಡೆಟ್ರಾಯಿಟ್‌ನಲ್ಲಿ ಕಂಪನಿಯನ್ನು ತೆರೆದ. ಕೆಲವೇ ವರ್ಷಗಳಲ್ಲಿ ಇಬ್ಬರಿಗೂ ಮನಸ್ತಾಪವಾಯಿತು. ಲೂಯಿ ಹೊರಬಂದ, ಹೆಸರು ಒಳಗೇ ಉಳಿಯಿತು. ಮುಂದೆ ತಾನೇ ಪಂದ್ಯದ ಕಾರುಗಳನ್ನು ಕಟ್ಟಿದಾಗ ಅವುಗಳಿಗೆ ಅವನು ‘ಫ್ರಾಂಟೆನಾಕ್’ ಎಂಬ ಬೇರೊಂದು ಹೆಸರನ್ನು ಇಡಬೇಕಾಯಿತು. ಇತ್ತ 1928ರಿಂದ ಮುಂಬಯಿಯಲ್ಲಿ ಷೆವ್ರೊಲೆ ವಾಹನಗಳ ಜೋಡಣೆ ನಡೆದು, ಆ ಹೆಸರು ನಮ್ಮ ನಾಡಿನ ರಸ್ತೆಗಳಿಗೂ ಬಂದಿತು. ಅದೇ ಕಾಲಕ್ಕೆ ಅಮೆರಿಕದ ಆರ್ಥಿಕ ಕುಸಿತದಲ್ಲಿ ಕೈ ಬರಿದಾದ ಲೂಯಿ, ತನ್ನ ಹೆಸರನ್ನು ಹೊತ್ತ ಕಾರ್ಖಾನೆಗೇ ಕೆಲಸಗಾರನಾಗಿ ಮರಳಿದ. ಅವನು ತೀರಿಕೊಂಡದ್ದು 1941ರಲ್ಲಿ. ಹೆಸರು ಲೋಕವನ್ನೆಲ್ಲ ಸುತ್ತುತ್ತಿದ್ದಾಗ ಮನುಷ್ಯ ನಿಂತಲ್ಲೇ ನಿಂತಿದ್ದ.

ಇನ್ನು ನಮ್ಮ ಕಾಲಕ್ಕೆ ಹತ್ತಿರವಾದ ಒಂದು ಪದ್ಧತಿಯನ್ನು ನೋಡೋಣ. ಪಂದ್ಯದ ಸಾರಥಿಯೊಬ್ಬ ಗೆದ್ದನೆಂದರೆ, ಅವನ ಹೆಸರನ್ನೋ ರುಜುವನ್ನೋ ಹೊತ್ತ ಕಾರುಗಳನ್ನು ಎಣಿಸಿದಷ್ಟೇ ಸಂಖ್ಯೆಯಲ್ಲಿ ಮಾಡಿ ಮಾರುವುದು. ಇದು ಬರಿಯ ಜಾಹೀರಾತಲ್ಲ. ರ‍್ಯಾಲಿ ಪಂದ್ಯಗಳಲ್ಲಿ 1980ರ ದಶಕದಿಂದ ಒಂದು ನಿಯಮವಿತ್ತು. ಪಂದ್ಯಕ್ಕಾಗಿಯೇ ಒಂದೆರಡು ಕಾರುಗಳನ್ನು ಕಟ್ಟಿ ತಂದರೆ ಸಾಲದು. ಅದೇ ಮಾದರಿಯ 5,000 ಕಾರುಗಳನ್ನು ಜನರಿಗಾಗಿ ತಯಾರಿಸಿರಬೇಕು. ಅಷ್ಟು ಕಾರುಗಳನ್ನು ಮಾರಬೇಕಲ್ಲ! ಆಗ ಸಾರಥಿಯ ಹೆಸರು ಕೆಲಸಕ್ಕೆ ಬಂದಿತು. 1990ರಲ್ಲೂ 1992ರಲ್ಲೂ ಜಗಜ್ಜೆಟ್ಟಿಯಾದ ಸ್ಪೇನಿನ ಕಾರ್ಲೋಸ್ ಸೈನ್ಸ್ ಹೆಸರಿನಲ್ಲಿ ಟೊಯೋಟಾ ಸೆಲಿಕಾ ಬಂದದ್ದು ಹೀಗೆ. ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ನಾಲ್ಕು ವರ್ಷ ಬಿಡದೆ ಗೆದ್ದಾಗ ಮಿತ್ಸುಬಿಷಿಯವರು ಅವನ ಹೆಸರಿನಲ್ಲಿ ಲ್ಯಾನ್ಸರ್ ಕಾರೊಂದನ್ನು ಹೊರತಂದರು. ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ ಹೆಸರಿನ ಸುಬಾರು ಕಾರುಗಳು 1995ರಲ್ಲಿ 200. ಇಂಗ್ಲೆಂಡಿನ ರಿಚರ್ಡ್ ಬರ್ನ್ಸ್ ಹೆಸರಿನ ಮೊದಲಕ್ಷರಗಳನ್ನು ಹೊತ್ತವು 1999ರಲ್ಲಿ 444.

ಬರ್ನ್ಸ್ 2001ರ ನವೆಂಬರ್ 25ರಂದು ಜಗಜ್ಜೆಟ್ಟಿಯಾದ. ಸರಿಯಾಗಿ ನಾಲ್ಕು ವರ್ಷಗಳ ಬಳಿಕ, 2005ರ ಅದೇ ದಿನ, ಮಿದುಳಿನ ಗೆಡ್ಡೆಯಿಂದ ತೀರಿಕೊಂಡ. ಆಗ ಅವನಿಗೆ 34 ವರ್ಷ. ಮೆಕ್ರೇ 2007ರಲ್ಲಿ ಹೆಲಿಕಾಪ್ಟರ್ ಅಪಘಾತಕ್ಕೆ ಬಲಿಯಾದ. ಮಾರಾಟಕ್ಕೆಂದು ಹಚ್ಚಿದ ಹೆಸರು ಅಂದಿನಿಂದ ಸ್ಮಾರಕವಾಯಿತು. ಇಟಲಿಯ ಅಲೆಸ್ಸಾಂಡ್ರೊ ಝನಾರ್ಡಿಯ ಕಥೆ ಇನ್ನೂ ವಿಚಿತ್ರ. ಅಮೆರಿಕದಲ್ಲಿ 1997 ಮತ್ತು 1998ರ ಪಂದ್ಯಮಾಲೆಗಳನ್ನು ಗೆದ್ದ ಅವನ ಹೆಸರಿನಲ್ಲಿ 1999ರಲ್ಲಿ ಹೋಂಡಾದವರು 51 ಕೆಂಪು ಕಾರುಗಳನ್ನು ಮಾಡಿದರು. 2001ರಲ್ಲಿ ಜರ್ಮನಿಯ ಪಂದ್ಯವೊಂದರಲ್ಲಿ ಅವನು ಎರಡೂ ಕಾಲುಗಳನ್ನು ಕಳೆದುಕೊಂಡ. ಆದರೆ 2012ರಲ್ಲಿ ಲಂಡನ್ನಿನಲ್ಲಿ, 2016ರಲ್ಲಿ ರಿಯೋದಲ್ಲಿ, ಕೈಯಿಂದ ತುಳಿಯುವ ಸೈಕಲ್ಲಿನಲ್ಲಿ ಪ್ಯಾರಾಲಿಂಪಿಕ್ಸ್ ಚಿನ್ನವನ್ನು ಗೆದ್ದ. ಆ 51 ಕಾರುಗಳು ಅವನ ಹಿರಿಮೆಯ ಸಣ್ಣ ಭಾಗವನ್ನು ಮಾತ್ರ ಹೇಳುತ್ತವೆ.

ಕೊನೆಯದಾಗಿ ಸ್ಟರ್ಲಿಂಗ್ ಮಾಸ್. 1955ರಲ್ಲಿ ಇಟಲಿಯ ‘ಮಿಲ್ಲೆ ಮಿಲಿಯಾ’ ಎಂಬ ಸಾವಿರ ಮೈಲಿಯ ಪಂದ್ಯವನ್ನು ಅವನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದ. ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟಿದ್ದರಿಂದ ಕಾರಿನ ಸಂಖ್ಯೆ 722. ಆ ಗೆಲುವಿನ ನೆನಪಿಗಾಗಿ 2009ರಲ್ಲಿ ಮರ್ಸಿಡಿಸ್‌ನವರು ಮಾಸ್ ಹೆಸರಿನಲ್ಲಿ 75 ಕಾರುಗಳನ್ನು ಮಾಡಿದರು. ಅವುಗಳಿಗೆ ಮಾಡಿಲ್ಲ, ಮುಂದಿನ ಗಾಜೂ ಇಲ್ಲ. ಆದರೆ ಅಂದು ಮಾಸ್ ಪಕ್ಕದಲ್ಲಿ ಇನ್ನೊಬ್ಬ ಕುಳಿತಿದ್ದ: ಡೆನಿಸ್ ಜೆಂಕಿನ್ಸನ್, ಪತ್ರಕರ್ತ. ಮುಂಚಿತವಾಗಿ ದಾರಿಯನ್ನೆಲ್ಲ ನೋಡಿ, ತಿರುವುಗಳನ್ನೂ ಏರುಗಳನ್ನೂ ಉದ್ದನೆಯ ಕಾಗದದ ಸುರುಳಿಯ ಮೇಲೆ ಬರೆದುಕೊಂಡಿದ್ದ. ಯಂತ್ರದ ಆರ್ಭಟದಲ್ಲಿ ಮಾತು ಕೇಳುವಂತಿರಲಿಲ್ಲ. ಸುರುಳಿಯನ್ನು ಬಿಚ್ಚುತ್ತ ಕೈಸನ್ನೆಯಿಂದಲೇ ದಾರಿ ಹೇಳಿದ. ದಿಬ್ಬದಾಚೆ ಏನಿದೆಯೆಂದು ಕಾಣದಿದ್ದರೂ ಮಾಸ್ ಆ ಸನ್ನೆಯನ್ನು ನಂಬಿ ವೇಗವನ್ನು ತಗ್ಗಿಸಲಿಲ್ಲ. ಕಾರಿಗೆ ಬಂದದ್ದು ಮಾಸ್ ಹೆಸರು, ಜೆಂಕಿನ್ಸನ್ನನ ಹೆಸರಲ್ಲ.

ನಮ್ಮ ಭಾಷೆಯಲ್ಲಿ ‘ಪಾರ್ಥಸಾರಥಿ’ ಎಂಬ ಮಾತಿದೆ. ಜಗದೊಡೆಯನೆನಿಸಿದವನೂ ರಥವೇರಿ ಕಡಿವಾಣ ಹಿಡಿದಾಗ ರಥಿಕನ ಹೆಸರಿನಿಂದಲೇ ಗುರುತಾದ. ಅದನ್ನು ಕೀಳೆಂದು ಯಾರೂ ಬಗೆಯಲಿಲ್ಲ. ಕಾರಿನ ಬೆನ್ನಿಗೆ ಸಾರಥಿಯ ಹೆಸರನ್ನು ಬರೆಯುವ ಈ ಹೊಸ ಪದ್ಧತಿಯಲ್ಲಿ ಲಾಭದ ಲೆಕ್ಕವಿದೆ, ನಿಜ. ಆದರೂ ಬಂಡಿ ತಾನಾಗಿ ಓಡದು, ಅದರ ಹಿಂದೆ ಒಬ್ಬ ಮನುಷ್ಯನ ಕೈ ಇದೆ ಎಂಬ ಒಪ್ಪಿಗೆಯೂ ಅದರಲ್ಲಿ ಇಲ್ಲದಿಲ್ಲ. ಆ ಒಪ್ಪಿಗೆ ಪಕ್ಕದಲ್ಲಿ ಕುಳಿತವನಿಗೆ, ಹಿಂದೆ ನಿಂತು ಗಾಲಿ ನೂಕಿದವನಿಗೆ ಇನ್ನೂ ಸಂದಿಲ್ಲ.

ಈ ದೃಷ್ಟಿಯಿಂದ ರಾಯಚೂರಿನ ಶಿಲ್ಪಿ ಏಳು ಶತಮಾನಗಳ ಹಿಂದೆಯೇ ಒಂದು ಹೆಜ್ಜೆ ಮುಂದಿದ್ದ. ಹೆಸರು ಬರೆಯುವ ಅಧಿಕಾರ ಅವನದಾಗಿರಲಿಲ್ಲವೇನೊ. ಆದರೆ ಸನ್ನೆಗೋಲು ಹಿಡಿದವನನ್ನೂ ಅವನು ಬಿಡಲಿಲ್ಲ. ಮುಂದಿನ ಸಲ ಕೋಟೆಯ ಕಡೆಗೆ ಹೋದಾಗ, ಶಾಸನವನ್ನು ಓದಲು ಬಾರದಿದ್ದರೂ ಚಿಂತೆಯಿಲ್ಲ, ಆ ಚಿತ್ರದ ಮುಂದೆ ಒಂದು ಗಳಿಗೆ ನಿಂತು ಬನ್ನಿ.