ತಂಬಾಕಿನ ಸೀಮೆ ಮತ್ತು ನಮ್ಮ ಮಕ್ಕಳು

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರ ಮುಂದೆ ನಮ್ಮ ಭಾಗದ ತಂಬಾಕಿನ ಕಥೆಯನ್ನು ಇಡಬೇಕೆನಿಸಿದೆ. ನಿಪ್ಪಾಣಿ ಸೀಮೆಯಲ್ಲಿ ಈ ಎಲೆಯ ಋಣವಿಲ್ಲದ ಮನೆ ಸಿಗುವುದು ಕಷ್ಟ.

ತಂಬಾಕು ನಮ್ಮ ಮಣ್ಣಿನ ಮೂಲ ಬೆಳೆಯಲ್ಲ. ಅಮೆರಿಕ ಖಂಡದ ಈ ಎಲೆಯನ್ನು ನಮ್ಮ ದೇಶಕ್ಕೆ ತಂದವರು ಪೋರ್ತುಗೀಜರು. 1604-05ರ ಸುಮಾರಿಗೆ ವಿಜಾಪುರದ ಆದಿಲಶಾಹಿ ದರ್ಬಾರಿಗೆ ಬಂದಿದ್ದ ಅಸದ್ ಬೇಗ್ ಇದನ್ನು ಅಕ್ಬರನಿಗೆ ಒಯ್ದು ಕೊಟ್ಟ. ರಾಜವೈದ್ಯರು ಬೇಡವೆಂದರು. ಆದರೂ ಚಟ ದೇಶವೆಲ್ಲ ಹಬ್ಬಿತು.

ಮುಂದೆ ಬೀಡಿ ತಂಬಾಕಿನಿಂದ ನಿಪ್ಪಾಣಿ ಹೆಸರುವಾಸಿಯಾಯಿತು. ರೈತನಿಗೆ ರೊಕ್ಕದ ಬೆಳೆ, ವಖಾರಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಕೂಲಿ. ಆದರೆ ದರ ಮಾತ್ರ ವ್ಯಾಪಾರಿಯ ಕೈಯಲ್ಲಿ. ವಖಾರಿಯ ಹೆಣ್ಣುಮಕ್ಕಳು ಪ್ರೊ. ಸುಭಾಷ ಜೋಶಿಯವರ ನೇತೃತ್ವದಲ್ಲಿ ಸಂಘ ಕಟ್ಟಿದರು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಎಲೆಯ ದರಕ್ಕಾಗಿ ಇಷ್ಟು ಒಗ್ಗಟ್ಟು ತೋರಿಸಿದ ಸೀಮೆ, ಅದೇ ಎಲೆ ಮಕ್ಕಳ ಬಾಯಿ ಸೇರುವಾಗ ಸುಮ್ಮನಿರಬಹುದೇ?

ಚಟ ಬಹಳ ಸಲ ಮನೆಯೊಳಗೇ ಹುಟ್ಟುತ್ತದೆ. ಅಜ್ಜಿ ಹಲ್ಲಿಗೆ ಮಿಶ್ರಿ ಹಚ್ಚುವುದನ್ನು ಮೊಮ್ಮಗಳು ನೋಡುತ್ತಾಳೆ. ಅಪ್ಪ ಬೀಡಿ ತರಲು ಮಗನನ್ನೇ ಅಂಗಡಿಗೆ ಕಳಿಸುತ್ತಾನೆ. ಆಮೇಲೆ ಗೆಳೆಯರು, “ಒಂದ್ ಸಲ ತಿಂದ್ರ ಏನಾಗತೈತಿ?” ಅಂತಾರೆ. ನಿಕೋಟಿನ್ ಕ್ಷಣಗಳಲ್ಲಿ ಮಿದುಳು ಮುಟ್ಟಿ ಸುಖ ಕೊಡುತ್ತದೆ. ಬರಬರುತ್ತಾ ಅದಿಲ್ಲದಿದ್ದರೆ ಸಿಟ್ಟು, ಚಡಪಡಿಕೆ. ಹದಿಹರೆಯದ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ ಚಟ ಬೇಗ ಬೇರೂರುತ್ತದೆ. ಬಾಯಿ ಕ್ಯಾನ್ಸರ್ ನಂತರದ ಮಾತು.

ಕಾನೂನು ಇಲ್ಲದಿಲ್ಲ. 2003ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದಿತು. 2013ರ ಮೇ 31ರಂದು ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಖರೀದಿಯ ವಯಸ್ಸು 18 ಇದ್ದದ್ದು ಕರ್ನಾಟಕದ ತಿದ್ದುಪಡಿಯಿಂದ 21 ಆಗಿದೆ. ಆದರೂ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು, ಕೂಡಿಸಿದರೆ ಮತ್ತೆ ಗುಟ್ಕಾನೇ!

ಹಾಗಾದರೆ ದಾರಿ? ನಮ್ಮ ಉತ್ತರ ಕರ್ನಾಟಕದಲ್ಲೇ ಒಂದು ಇದೆ. ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಬೇಡಿದ್ದು ಕಾಳು-ಕಡಿ ಅಲ್ಲ, “ನಿಮ್ಮ ದುಶ್ಚಟ ಹಾಕಿರಿ” ಎಂದು. ಬೈಯಲಿಲ್ಲ, ಬೇಡಿದರು, ಅದಕ್ಕೇ ಜನ ಕೊಟ್ಟರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಆ ಜೋಳಿಗೆಯ ಪಾಠ ನಮಗೂ ಸಾಕು. ಚಟಕ್ಕೆ ಬಿದ್ದ ಹುಡುಗನನ್ನು ನಾಲ್ಕು ಮಂದಿಯ ಮುಂದೆ ಹೀಯಾಳಿಸಿದರೆ ಅವನು ಬಚ್ಚಿಟ್ಟು ತಿಂತಾನೆ. ಹತ್ತಿರ ಕೂಡಿಸಿಕೊಂಡು ಕೇಳಬೇಕು. ಬಿಡಲು ಮನಸ್ಸಿದ್ದವರಿಗೆ 1800-11-2356 ಉಚಿತ ದೂರವಾಣಿ ಇದೆ; ಸೆರೆ ಮತ್ತು ಇತರ ಮಾದಕ ವಸ್ತುಗಳಿಗೆ 14446. ಒಮ್ಮೆ ಬಿಟ್ಟು ಮತ್ತೆ ಹಿಡಿದರೆ ಸೋಲಲ್ಲ, ಮತ್ತೊಮ್ಮೆ ಬಿಡಿಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಸಹಕಾರವೆಂದರೆ ಬರೀ ಸಾಲ, ಗೊಬ್ಬರ, ಷೇರು ಅಲ್ಲ. ಸದಸ್ಯರು ತಮ್ಮ ಓಣಿಯ ಶಾಲೆಯ ಸುತ್ತ ಒಂದು ಕಣ್ಣಿಡಲಿ. ಮಕ್ಕಳ ಕೈಯಲ್ಲಿ ಬೀಡಿ-ಚೀಟು ತರಿಸುವುದನ್ನು ಇಂದೇ ನಿಲ್ಲಿಸಲಿ. ಎಲೆ ನಮ್ಮನ್ನು ಸಾಕಿದ್ದು ನಿಜ. ಆ ಋಣವನ್ನು ನಮ್ಮ ಮಕ್ಕಳಿಂದ ತೀರಿಸುವುದು ಬೇಡ.